ತೊಂಬತ್ತೊಂದನೆಯ ಪುಟ

ಪರಿವಿಡಿಯ ಕೊನೆಯ ಸಾಲನ್ನು ಲೋರ್ನಾ ಮತ್ತೆ ಮತ್ತೆ ಓದಿದಳು: ‘ಟ್ರಕ್ ಹೊರಡದ ಬೆಳಿಗ್ಗೆ’. ಹನ್ನೊಂದು ವರ್ಷದ ಅಡುಗೆ ಬ್ಲಾಗನ್ನು ಪುಸ್ತಕ ಮಾಡಲು ಕಳಿಸುವಾಗ, ಯಾರಿಗೂ ತೋರಿಸದ ಈ ಕರಡೂ ಜೊತೆಗೇ ಹೋಗಿಬಿಟ್ಟಿತ್ತು. ಕಂಪ್ಯೂಟರಿನಿಂದ ತಲೆಯೆತ್ತಿದಳು. ಎದುರಿಗೆ ಬಡಗಿ ಕೆಲಸದ ಗಂಡ ಆರ್ಡನ್, ಮಾದರಿಗೆಂದು ಬಂದ ಒಂದೇ ಪ್ರತಿಯನ್ನು ಹಿಡಿದು ಕುಳಿತಿದ್ದ. ತಪ್ಪು ತಿದ್ದಿಕೊಡು ಎಂದು ಕೊಟ್ಟವಳು ಅವಳೇ.

“ಎಲ್ಲೀವರೆಗೆ ಓದಿದೆ?”

“ಮುಗೀತು. ರುಬಾರ್ಬ್ ಪೈಗೆ ಸಕ್ಕರೆ ಎರಡೆರಡು ಸಲ ಹಾಕಿಸಿದೀಯಲ್ಲೇ, ಊರಿಗೆಲ್ಲ ಶುಗರ್ ತರಿಸ್ಬೇಕು ಅಂತಾನಾ?” ಆರ್ಡನ್ ನಗುತ್ತ ಪುಸ್ತಕ ಇತ್ತ ತಳ್ಳಿ, ಕೋಟು ತೊಟ್ಟ. “ಇವತ್ತು ಮೈನಸ್ ಮೂವತ್ತಂತೆ. ಎಂಜಿನ್ ಹೆಪ್ಪುಗಟ್ಟದ ಹಾಗೆ ಟ್ರಕ್ಕಿನ ಹೀಟರಿಗೆ ಪ್ಲಗ್ ಹಾಕಿ ಬರ್ತೀನಿ.”

ಬಾಗಿಲು ಮುಚ್ಚಿಕೊಂಡಿತು. ಅವಳು ತೊಂಬತ್ತೊಂದನೆಯ ಪುಟ ತೆಗೆದಳು. ಒಂಬತ್ತು ವರ್ಷದ ಹಿಂದೆ ಅವನನ್ನು ಬಿಟ್ಟುಹೋಗಲು ಚೀಲ ಕಟ್ಟಿದ್ದು, ಎಂಜಿನ್ ಹೆಪ್ಪುಗಟ್ಟಿ ಟ್ರಕ್ ಅಲುಗದೇ ಇದ್ದದ್ದು, ಎಲ್ಲ ಅಲ್ಲಿತ್ತು. ‘ರಾತ್ರಿ ಹೀಟರಿನ ಪ್ಲಗ್ ಹಾಕಲು ಮರೆತಿದ್ದೆ. ನನ್ನ ಮರೆವೇ ಈ ಸಂಸಾರ ಉಳಿಸಿತು. ಆರ್ಡನ್‌ಗೆ ಇಂದಿಗೂ ಗೊತ್ತಿಲ್ಲ.’

‘ಮರೆತಿದ್ದೆ’ ಎಂಬಲ್ಲಿ ಬಡಗಿಯ ದಪ್ಪ ಪೆನ್ಸಿಲ್ಲು ಗೀಟೆಳೆದಿತ್ತು. ಅಂಚಿನಲ್ಲಿ ಅವನ ದುಂಡು ಅಕ್ಷರ: ‘ತಪ್ಪು. ನೀನು ಹಾಕಿದ್ದೆ. ಕಿತ್ತವನು ನಾನು.’

ಅವಳು ಕಿಟಕಿಯತ್ತ ನೋಡಿದಳು. ಟ್ರಕ್ಕಿನ ಪಕ್ಕ ನಿಂತು ಆರ್ಡನ್, ಪ್ಲಗ್ ಹಾಕದೆಯೇ, ಹೀಟರಿನ ವಯರನ್ನು ಮೊಣಕೈಗೆ ನಿಧಾನವಾಗಿ ಸುತ್ತಿಕೊಳ್ಳುತ್ತಿದ್ದ.