ಐದನೇ ಮಹಡಿಯ ಅತೃಪ್ತಿ

"ಮನೆಯ ಗಾಳಿ, ಬೆಳಕು ತೃಪ್ತಿಕರವಾಗಿದೆಯಾ?" ವಸತಿ ಕಚೇರಿಯಿಂದ ಸರ್ವೇಗೆ ಬಂದವಳು ಏದುಸಿರು ಬಿಡುತ್ತಾ ಕೇಳಿದಳು. ಐದು ಮಹಡಿ ಹತ್ತಿ ಬಂದಿದ್ದಳು, ಪಾಪ.

"ತೃಪ್ತಿ ಇಲ್ಲ" ಎಂದಳು ದರ್ಜಿಯಮ್ಮ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. ಕಿಟಕಿಯ ಬಿಸಿಲು ಸೂಜಿಯ ಮೇಲೇ ಬಿದ್ದಿತ್ತು.

ಇದು ನಿವಾಸಿಗಳ ಸಮಿತಿಯ ಒಮ್ಮತದ ತೀರ್ಮಾನ. ಲಿಫ್ಟ್ ಕೆಟ್ಟು ಮೂರು ತಿಂಗಳಾಗಿತ್ತು. ಅತೃಪ್ತಿ ಹೆಚ್ಚಿರುವ ಕಟ್ಟಡಕ್ಕೇ ಮೊದಲು ರಿಪೇರಿ ಎಂದು ಕಾರ್ಯದರ್ಶಿಯ ಕಿವಿಗೆ ಬಿದ್ದಿತ್ತು. "ಏನು ಕೇಳಿದ್ರೂ ತೃಪ್ತಿ ಇಲ್ಲ ಅನ್ನಿ. ಅತ್ರೆ ತಾನೇ ಮಗೂಗೆ ಹಾಲು!" ಎಂದು ಮನೆಮನೆಗೂ ಪಾಠ ಹೇಳಿ ಹೋಗಿದ್ದ. ದರ್ಜಿಯಮ್ಮನಿಗೆ ಸುಳ್ಳು ಒಗ್ಗದು. ಆದರೆ ಬಸ್ಸು ಓಡಿಸಿಕೊಂಡು ಊರೆಲ್ಲ ಸುತ್ತಿದ್ದ ಗಂಡ, ಮಂಡಿನೋವಿನಿಂದಾಗಿ ಮೂರು ತಿಂಗಳಿಂದ ಕೆಳಗಿಳಿದಿರಲಿಲ್ಲ. ಅವನು ಕಿಟಕಿಗೆ ಅಂಟಿಕೊಂಡು ಬೀದಿ ನೋಡುವುದನ್ನು ಕಂಡು ಅವಳೂ ಒಪ್ಪಿಕೊಂಡಿದ್ದಳು.

"ನೀರು?"

"ತೃಪ್ತಿ ಇಲ್ಲ."

"ಅಕ್ಕಪಕ್ಕದವರು?"

ಪೆಡಲಿನ ಮೇಲೆ ಕಾಲು ನಿಂತಿತು. ಲಿಫ್ಟ್ ಕೆಟ್ಟಂದಿನಿಂದ ಗಂಡನ ಔಷಧಿ, ಮನೆಯ ಸಾಮಾನು ಎಲ್ಲವನ್ನೂ ಹೊತ್ತು ತರುವವಳು ಎದುರು ಮನೆಯವಳೇ. "ತೃಪ್ತಿ..." ಎಂದು ದರ್ಜಿಯಮ್ಮ ರಾಗ ಎಳೆದಳು.

"ಬಾಯಿಗೆ ಹುಳ ಬೀಳುತ್ತೆ ಕಣೇ!" ಕಿಟಕಿಯ ಬಳಿಯಿಂದ ಗಂಡ ಗುಡುಗಿದ. "ಮೇಡಂ, ಈ ಮನೆ ಬಂಗಾರ. ತಿರುಗಿಸಿದ್ರೆ ನೀರು, ಕೂಗಿದ್ರೆ ಜನ. ಕೆಟ್ಟಿರೋದು ಲಿಫ್ಟ್ ಒಂದೇ!"

ಕಾರ್ಯದರ್ಶಿಯ ಪಾಠವೆಲ್ಲ ನೀರುಪಾಲಾಯಿತು. ದರ್ಜಿಯಮ್ಮ ಹಣೆ ಹಣೆ ಚಚ್ಚಿಕೊಂಡಳು. ಆದರೂ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು.

ಸರ್ವೇಯವಳು ನಗಲಿಲ್ಲ. "ಕೊನೇ ಪ್ರಶ್ನೆ. ಬೇರೆ ಕಾಲೊನಿಯಲ್ಲಿ ನೆಲಮಹಡಿ ಮನೆಗಳು ಖಾಲಿ ಇವೆ. ಕೊಟ್ರೆ ಹೋಗ್ತೀರಾ?"

ಮೆಟ್ಟಿಲೇ ಇಲ್ಲದ ಮನೆ! ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಬೇಡಮ್ಮ" ಎಂದಳು ದರ್ಜಿಯಮ್ಮ. ಗಂಡನೂ ಬೇಡವೆಂದು ತಲೆಯಾಡಿಸಿದ.

ಸರ್ವೇಯವಳು ಹಾಳೆಯ ಅಂಚಿನಲ್ಲಿ 'ಲಿಫ್ಟ್, ತುರ್ತು' ಎಂದು ಬರೆದು ಎರಡು ಗೆರೆ ಎಳೆದಳು. ತನ್ನ ಮಂಡಿ ನೀವಿಕೊಳ್ಳುತ್ತಾ ಎದ್ದಳು.

"ಕೆಳಗಿಂದ ಹತ್ತೊಂಬತ್ತು ಮನೆ ಮುಗಿಸ್ಕೊಂಡು ಬಂದೆ. ಒಬ್ಬರಿಗೂ ತೃಪ್ತಿ ಇಲ್ಲ. ಬಿಟ್ಟು ಹೋಗ್ತೀರಾ ಅಂದ್ರೆ ಮಾತ್ರ, ಎಲ್ಲರೂ ಬಾಗಿಲು ಗಟ್ಟಿಯಾಗಿ ಹಿಡ್ಕೊಂಡು ನಿಲ್ತಾರೆ!"