ಉಳಿದ ಒಂದು ದಿನ

ಸತ್ತ ಶಿವಪುತ್ರನ ಹೊಸ ಮೈಗೆ ಅವನ ಹಳೆಯ ದಿನಗಳನ್ನು ಒಂದಾದ ಮೇಲೊಂದರಂತೆ ಇಳಿಸುತ್ತಿದ್ದರು. ನಡುವೆ ಒಂದು ದಿನ ತಪ್ಪಿದರೂ ಮುಂದಿನದು ಕೂರುವುದಿಲ್ಲ. ಎಲ್ಲ ದಿನ ಇಳಿಯುವ ಮೊದಲೇ ಮೈಗೆ ಎಚ್ಚರವಾದರೆ, ಅಲ್ಲಿಗೆ ಬಾಗಿಲು ಮುಚ್ಚಿದಂತೆ; ಉಳಿದ ದಿನ ಮತ್ತೆಂದೂ ಇಳಿಯುವುದಿಲ್ಲ. ಒಬ್ಬರಿಗೆ ಒಂದೇ ಹೊಸ ಮೈ.

"ಹೆಸರು ಹಿಡಿದು ಮಾತ್ರ ಕರೀಬ್ಯಾಡ್ರಿ ಅಕ್ಕಾ," ಎಂದಳು ಯಂತ್ರದ ಮುಂದೆ ಕೂತಿದ್ದ ಮೆಹರುನ್ನೀಸಾ. "ಕರದ್ರ ಎದ್ದುಬಿಡ್ತಾರ. ಕೊನೇ ದಿನ ಒಂದು ಉಳದೈತಿ."

ಈರವ್ವ ತಲೆಯಾಡಿಸಿದಳು. ಗಂಡನ ಹೆಸರನ್ನು ಅವಳು ಮದುವೆಯಲ್ಲಿ ಒಡಪಿನ ಪದ್ಯ ಕಟ್ಟಿ ಹೇಳಿದ್ದೇ ಕೊನೆ.

ಆ ಕೊನೆಯ ದಿನಕ್ಕಾಗಿಯೇ ಅವಳು ಕಾದಿದ್ದಳು. ಅಂದು ಅವನೂ ಮಗಳು ಗಂಗಿಯೂ ಹರಗೋಲು ಹತ್ತಿ ಹೊಳೆಗೆ ಹೋಗಿದ್ದರು. ಹೊಳೆ ಅವನ ಹೆಣವನ್ನಷ್ಟೇ ಹಿಂದಕ್ಕೆ ಕೊಟ್ಟಿತು. ಗಂಗಿ ಎಲ್ಲಿ ಮುಳುಗಿದಳೋ, ಯಾವ ದಡ ಹತ್ತಿದಳೋ, ಕಂಡವನು ಅವನೊಬ್ಬನೇ.

ಹೊಸ ಮೈಯ ತುಟಿ ಅದುರಿತು. ಕಣ್ಣಂಚಿನಲ್ಲಿ ನೀರು ಬಂತು, ಅದು ಯಾವ ದಿನದ ಕಣ್ಣೀರೋ! ಈರವ್ವ ಅವನ ಮೇಲೆ ಬಾಗಿದಳು. ಇಷ್ಟು ವರ್ಷದ ರೂಢಿ ತಾನಾಗಿಯೇ ನಾಲಿಗೆಗೆ ಬಂದುಬಿಟ್ಟಿತು.

"ಗಂಗೀ ಅಪ್ಪಾ, ಯಾಕ ಅಳ್ತೀರಿ?"

ಮನೆಯಲ್ಲಿ ಅವನು ಓಗೊಡುತ್ತಿದ್ದದ್ದು ಆ ಕರೆಗೇ. ಕಣ್ಣು ತೆರೆದುಕೊಂಡವು. ಮೆಹರುನ್ನೀಸಾ ಯಂತ್ರದಿಂದ ಕೈ ತೆಗೆದು ತಲೆಯ ಮೇಲಿಟ್ಟುಕೊಂಡಳು.

ಶಿವಪುತ್ರ ಕೋಣೆಯ ತುಂಬ ಕಣ್ಣಾಡಿಸಿದ.

"ಗಂಗಿ ಇನ್ನಾ ಎದ್ದಿಲ್ಲೇನು?" ಎಂದ. "ಎಬ್ಬಸು ಆಕೀನ್ನ. ಇವತ್ತ ಹರಗೋಲದಾಗ ಕೂಡಸ್ತೀನಂತ ಮಾತು ಕೊಟ್ಟೇನಿ."