ಪೀಪಾಯಿಯ ಪುನರ್ಪುಳಿ

ಸುಳ್ಳು ಕಿವಿಗೆ ಬಿದ್ದರೆ ಹುಳಿ ಬಿಯರ್ ವಿನೆಗರ್ ಆಗುತ್ತದೆ ಎಂಬುದು ಮಂಗಳೂರಿನಲ್ಲಿ ಮಕ್ಕಳಿಗೂ ಗೊತ್ತು. ಅದಕ್ಕೇ ಬಿಯರ್ ಸ್ಪರ್ಧೆಯ ಕೋಣೆಯಲ್ಲಿ ಯಾರೂ ಯಾರನ್ನೂ "ಸೌಖ್ಯವಾ?" ಎಂದು ಕೇಳುವುದಿಲ್ಲ.

ತೀರ್ಪುಗಾರ್ತಿ ಫೆಲ್ಸಿ, ಬೆಲ್ಜಿಯಂನ ಫ್ಲಾಂಡರ್ಸ್ ಮಾದರಿಯ ಕೆಂಪು ಹುಳಿ ಬಿಯರನ್ನು ಬಾಯಲ್ಲಿ ಹೊರಳಿಸಿದಳು. ಚೆರಿಯ ಹುಳಿ, ಓಕ್ ಮರದ ಒಗರು, ಕೊನೆಗೆ ಸೂಜಿಮೊನೆಯಷ್ಟು ವಿನೆಗರ್. ಇಂಥದ್ದನ್ನು ಕುಡಿದು ವರ್ಷಗಳಾಗಿದ್ದವು. ಅಷ್ಟರಲ್ಲಿ ನಾಲಗೆಯ ಬುಡದಲ್ಲಿ ಒಣ ಪುನರ್ಪುಳಿಯ, ಅಂದರೆ ಕೋಕಂ ಸಿಪ್ಪೆಯ, ರುಚಿ ಸಿಕ್ಕಿತು. ಪೀಪಾಯಿಗೆ ಪುನರ್ಪುಳಿ ಹಾಕುವವನು ಒಬ್ಬನೇ: ಅವಳನ್ನು ಬಿಟ್ಟುಹೋದ ಗಂಡ ಐವನ್.

ಮುಖ್ಯ ತೀರ್ಪುಗಾರ ದಾಮೋದರ ಶೆಣೈ ಪ್ರತಿ ಗ್ಲಾಸಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು. "ಇದನ್ನು ಮಾಡಿದವರ ಮೇಲೆ ಪ್ರೀತಿಯೋ ಸಿಟ್ಟೋ ಎಂತಾದ್ರೂ ಉಂಟಾ ಫೆಲ್ಸಿಯವರೇ?"

ಉಂಟು ಎಂದರೆ ಕಾರಣವನ್ನು ಎಲ್ಲರೆದುರು ಬಿಚ್ಚಿಡಬೇಕು.

"ಇಲ್ಲ," ಎಂದುಬಿಟ್ಟಳು.

ಶೆಣೈ ಗ್ಲಾಸನ್ನು ಎಳೆದುಕೊಂಡು ಮೂಗಿಗೆ ಹಿಡಿದರು. ವಿನೆಗರಿನ ಘಾಟು ಏಳುವುದನ್ನೇ ಕಾಯುತ್ತ ಫೆಲ್ಸಿ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಳು. ಅವನ ಬಿಯರೂ ಹೋಯಿತು, ತನ್ನ ಮರ್ಯಾದೆಯೂ ಹೋಯಿತು.

"ಎಂತದೂ ಆಗ್ಲಿಲ್ಲ," ಶೆಣೈ ಗ್ಲಾಸನ್ನು ಅವಳತ್ತ ಸರಿಸಿದರು. "ಮಾರ್ಕು ಹಾಕಿ ಮಾರಾಯ್ರೆ."

ನಂಬಿಕೆ ಬಾರದೆ ಅವಳು ಇನ್ನೊಂದು ಗುಟುಕು ಕುಡಿದಳು. ಚೆರಿ, ಓಕ್, ಪುನರ್ಪುಳಿ ಎಲ್ಲ ಇದ್ದಲ್ಲೇ ಇದ್ದವು. ಹುಳಿ ಒಂದಿಷ್ಟೂ ಏರಿರಲಿಲ್ಲ. ಇಷ್ಟು ವರ್ಷ ಅವಳು ಜೋಪಾನ ಮಾಡಿಕೊಂಡು ಬಂದಿದ್ದ ಸಿಟ್ಟು ಕೂಡ ಐವನ್‌ನ ಹಾಗೆಯೇ, ಒಂದು ಮಾತೂ ಹೇಳದೆ, ಯಾವಾಗಲೋ ಹೊರಟುಹೋಗಿತ್ತು.